ಪಂಚೆಯ ಕೆಳಗಿನ ಹದಿನಾರು

ವೆಸ್ಟೆರಾಸ್,
೧ ಜುಲೈ ೨೦೨೫, ಮಂಗಳವಾರ

ಮಗಳೇ ಚಿನ್ಮಯಿ,

ನಿನ್ನ ಚಿಕ್ಕಪ್ಪ ರಾಮದಾಸ ಮಾಡುವ ಆಶೀರ್ವಾದಗಳು. ಮೊದಲಿಗೆ ಒಂದು ಸಂತೋಷದ ಸುದ್ದಿ. ಕರೆಂಟಿನ ವಿಷಯದಲ್ಲಿ ನನಗಿಂತ ತಿಳಿದವನು ಈ ಸ್ವೀಡನ್ ದೇಶದಲ್ಲಿ ಇದುವರೆಗೆ ಹುಟ್ಟಿಲ್ಲವೆಂದು ಇಲ್ಲಿನ ಎಂಜಿನಿಯರುಗಳೆಲ್ಲ ಸಭೆ ಸೇರಿ ಒಪ್ಪಿಕೊಂಡಿದ್ದಾರೆ. ರೈಲ್ವೆ ಸ್ಟೇಷನ್ನಿನ ಎದುರು ನನ್ನದೊಂದು ಕಂಚಿನ ಪ್ರತಿಮೆ ನಿಲ್ಲಿಸುವುದಕ್ಕೆ ನಿನ್ನೆ ಬಂದು ಜಾಗ ಅಳೆದುಕೊಂಡು ಹೋದರು. ಪ್ರತಿಮೆ ಪಂಚೆಯಲ್ಲಿರಬೇಕೋ ಪ್ಯಾಂಟಿನಲ್ಲೋ ಎಂಬುದೊಂದೇ ಇನ್ನೂ ತೀರ್ಮಾನವಾಗಿಲ್ಲ.

ನಕ್ಕೆಯಾ? ನಗದಿದ್ದರೆ ಈಗಲೇ ಒಮ್ಮೆ ನಕ್ಕುಬಿಡು. ಮುಂದೆ ಈ ಕಾಗದದಲ್ಲಿ ಅದಕ್ಕೆ ಹೆಚ್ಚು ಆಸ್ಪದ ಸಿಗುವುದಿಲ್ಲ. ನಿನ್ನ ಆರೋಗ್ಯ ಹೇಗಿದೆ? ಆಸ್ಪತ್ರೆಯಲ್ಲಿ ನಿಂತೂ ನಿಂತೂ ಬರುವ ಆ ಬೆನ್ನುನೋವು ಕಡಿಮೆಯಾಯಿತೇ? ಓರೆಬ್ರೂವಿನ ಆ ಬಾಡಿಗೆ ಕೋಣೆಯಲ್ಲಿ ಒಬ್ಬಳಿಗೇ ಎಂದು ಅಡುಗೆ ಮಾಡದೆ ಬರೀ ಬ್ರೆಡ್ಡು ತಿಂದು ಮಲಗಬೇಡ. ಇಲ್ಲಿ ನಿಮ್ಮ ಮನೆಗೆ ಬಂದ ಮೇಲೆ ನಾನು ಚೆನ್ನಾಗಿದ್ದೇನೆ. ರಾತ್ರಿ ಹತ್ತಾದರೂ ಬಿಸಿಲಿರುವುದರಿಂದ ಊಟ ಯಾವಾಗ ಮಾಡಬೇಕೆಂದು ತಿಳಿಯದೆ ಎರಡು ಸಲ ಮಾಡುತ್ತಿದ್ದೇನೆ. ನಿನ್ನ ಗಂಡ ಹಯವದನ ಮಾತ್ರ ಒಂದು ಸಲವೂ ಸರಿಯಾಗಿ ಮಾಡುತ್ತಿಲ್ಲ. ತಿಳಿಸಾರು ಕುದಿಸಿ ನನಗೆ ಬಡಿಸಿ, ತಾನು ಒಲೆಯ ಹತ್ತಿರವೇ ನಿಂತು ಎರಡು ತುತ್ತು ತಿಂದು ತಟ್ಟೆ ತೊಳೆದಿಡುತ್ತಾನೆ. ಫೋನನ್ನು ಮಗುಚಿ ಹಾಕಿರುತ್ತಾನೆ, ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಾನೆ.

ದಿನವೂ ಫೋನಿನಲ್ಲಿ ಮಾತಾಡುವ ಚಿಕ್ಕಪ್ಪ ಇದೇನು ಕಾಗದ ಬರೆಯುತ್ತಿದ್ದಾನೆ ಎಂದುಕೊಳ್ಳುತ್ತೀಯ. ಫೋನು ಹಿಡಿದರೆ ನನ್ನ ಬಾಯಿ ತಾನಾಗಿಯೇ ಬಡಾಯಿಯ ಕಡೆಗೆ ಹೊರಳುತ್ತದೆ. ಪೆನ್ನು ಹಿಡಿದರೆ ಏಳನೇ ಕ್ಲಾಸಿನ ಮೇಷ್ಟ್ರು ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ, ಸುಳ್ಳು ಬರೆದರೆ ಕಿವಿ ಹಿಂಡುತ್ತಾರೆ. ಶುಕ್ರವಾರದೊಳಗೆ ಇದು ನಿನ್ನ ಕೈ ಸೇರಬೇಕು. ಓರೆಬ್ರೂನಲ್ಲಿ ನಮ್ಮಿಬ್ಬರಿಗೆಂದು ನೋಡಿದ್ದ ಮನೆ ಬೇಡ, ಒಂದೇ ರೂಮಿನದ್ದಕ್ಕೆ ಶುಕ್ರವಾರ ಒಪ್ಪಿಗೆ ಹೇಳ್ತೀನಿ, ಅವನು ವೆಸ್ಟೆರಾಸಲ್ಲೇ ಇರ್ಲಿ ಎಂದೆಯಲ್ಲ. ಆ ಮಾತು ಕೇಳಿದ ಮೇಲೆ ನನಗೆ ಎರಡು ಊಟವೂ ಇಳಿಯುತ್ತಿಲ್ಲ.

ಮಿಡ್‌ಸಮ್ಮರ್ ಹಬ್ಬಕ್ಕೆ ಆ ಸರೋವರದ ದಂಡೆಯ ಕ್ಯಾಂಪಿಂಗಿಗೆ ಹೋದೆವಲ್ಲ, ಅಲ್ಲಿ ನಡೆದದ್ದರಲ್ಲಿ ನಿನಗೆ ಗೊತ್ತಿರುವುದು ಅರ್ಧ. ನಿಮ್ಮ ಕರೆಂಟು ಕಾರಿನ ಬ್ಯಾಟರಿ ತುಂಬಿಸೋಣವೆಂದರೆ ದಾರಿಯ ಚಾರ್ಜರುಗಳ ಮುಂದೆಲ್ಲ ಕಾರುಗಳ ಸಾಲು. ಕಾಯುವುದು ಬೇಡವೆಂದು ಹಾಗೇ ಹೋಗಿ, ಇಪ್ಪತ್ತು ಪರ್ಸೆಂಟ್ ಉಳಿದಿರುವಾಗ ತಲುಪಿದೆವು. ಕ್ಯಾಂಪಿಂಗಿನ ಆಫೀಸಿನ ಹೆಂಗಸು ನಿಮ್ಮಿಬ್ಬರಿಗೂ ಒತ್ತಿ ಒತ್ತಿ ಹೇಳಿದಳು. ಈ ಕರೆಂಟು ಕಂಬಗಳು ಗಾಲಿಯ ಮೇಲಿನ ಮನೆಗಳಾದ ಕ್ಯಾರವಾನ್‌ಗಳ ದೀಪಕ್ಕೆ, ಫ್ರಿಜ್ಜಿಗೆ ಎಂದು ಹಾಕಿದ್ದು, ಲೈನು ಹಳೆಯದು, ಕಾರಿಗೆ ಹಾಕುವುದಾದರೆ ಆರು ಆಂಪಿಯರ್ ಮೀರಬಾರದು ಅಂತ ನೀನೇ ನನಗೆ ಕನ್ನಡದಲ್ಲಿ ಹೇಳಿದೆ. ಹಯವದನ ಚಾರ್ಜರಿನ ಡಬ್ಬಿಯಲ್ಲಿ ಆರು ಒತ್ತಿದ. ಸೊಂಟದೆತ್ತರದ ಆ ಕಂಬ ದೂರವಿದ್ದುದರಿಂದ ಎಕ್ಸ್‌ಟೆನ್ಷನ್ ವೈರಿನ ಡ್ರಮ್ಮು ತಂದು, ವೈರನ್ನು ಪೂರ್ತಿ ಬಿಚ್ಚಿ ಹುಲ್ಲಿನ ಮೇಲೆ ಹಾಸಿದ. ನೀನು ಕೇಳಿದೆ, "ಎಷ್ಟಕ್ಕೆ ಇಟ್ಟಿದ್ದೀಯೋ?" "ಆರಕ್ಕೆ ಕಣೇ. ನಾಳೆ ಮಧ್ಯಾಹ್ನದ ತನಕ ಇಟ್ರೆ ಓರೆಬ್ರೂಗೆ ಆರಾಮಾಗಿ ಹೋಗ್ಬಹುದು" ಎಂದ. ಮಗಳೇ, ಅವನು ಹೇಳಿದ್ದು ನಿಜ. ಇಟ್ಟಿದ್ದೂ ಆರಕ್ಕೇ.

ಊಟವಾದ ಮೇಲೆ ನೀವಿಬ್ಬರೂ ಹಬ್ಬಕ್ಕೆ ನೆಟ್ಟ ಹೂವಿನ ಕಂಬದ ಸುತ್ತ ಎಲ್ಲರ ಜೊತೆ ಕಪ್ಪೆಯ ಹಾಗೆ ಕುಪ್ಪಳಿಸುವ ಕುಣಿತಕ್ಕೆ ಹೋದಿರಿ. ನನಗೆ ಮಂಡಿ ನೋವು, ಸಾಮಾನು ಕಾಯುತ್ತೇನೆ ಎಂದು ನಾನು ಕುರ್ಚಿ ಹಾಕಿಕೊಂಡು ಕೂತೆ. ಮಂಡಿ ನೋವಿರಲಿಲ್ಲ. ಡಬ್ಬಿಯ ಮೇಲೆ ಹೊಳೆಯುತ್ತಿದ್ದ ಆ ಆರು ನನ್ನ ಕಣ್ಣು ಚುಚ್ಚುತ್ತಿತ್ತು. ನಮ್ಮ ಚಿಕ್ಕನಾಯಕನಹಳ್ಳಿಯಲ್ಲಿ ಸಿಂಗಲ್ ಫೇಸಿಗೆ ಕಂಡೆನ್ಸರ್ ಕೊಟ್ಟು ಐದು ಎಚ್‌ಪಿ ಮೋಟರು ತಿರುಗಿಸಿದ ನಾನು, ನಲವತ್ತು ವರ್ಷ ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟವನು, ಬೇಸಿಗೆಯ ನಲ್ಲಿನೀರಿನ ಹಾಗೆ ತೊಟ್ಟು ತೊಟ್ಟು ಇಳಿಯುವ ಈ ಕರೆಂಟು ನೋಡಿಕೊಂಡು ಕೂರುವುದೇ? ನೀವು ಬರುವಷ್ಟರಲ್ಲಿ ಬ್ಯಾಟರಿಯ ಪರ್ಸೆಂಟ್ ಸರಸರ ಏರಿಸಿ, "ಏನಪ್ಪಾ ಪವರ್ ಎಂಜಿನಿಯರು, ಹೆಂಗೆ ನಮ್ಮ ಕೆಲಸ?" ಎಂದು ಅವನ ಬೆನ್ನು ತಟ್ಟುವ ಆಸೆಯಾಯಿತು. ಎದ್ದು ಹೋಗಿ ಬಟನ್ ಒತ್ತಿದೆ. ಎಂಟು, ಹತ್ತು, ಹದಿಮೂರು, ಹದಿನಾರು. ಫ್ಯೂಸು ಹೋಗಲಿಲ್ಲ. ಹೋಗಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಹುಲ್ಲಿನ ಮೇಲೆ ಹಾವಿನ ಹಾಗೆ ಬಿದ್ದಿದ್ದ ವೈರು ನೋಡಿ ಕೈ ತುರಿಸಿತು. ವೈಂಡಿಂಗ್ ಕೆಲಸದವನಿಗೆ ಹರಡಿಕೊಂಡ ತಂತಿ ಕಂಡರೆ ಆಗದು. ಕುರ್ಚಿ ಹತ್ತಿರಕ್ಕೆಳೆದುಕೊಂಡು ಸುತ್ತಿನ ಪಕ್ಕ ಸುತ್ತು ಕೂರಿಸಿ, ಒಂದರ ಮೇಲೊಂದು ಹತ್ತದ ಹಾಗೆ, ಅಂಗಡಿಯಲ್ಲಿ ಸುತ್ತುತ್ತಿದ್ದಷ್ಟೇ ಅಚ್ಚುಕಟ್ಟಾಗಿ ಡ್ರಮ್ಮಿಗೆ ಸುತ್ತಿದೆ. ಬೇಕಾದಷ್ಟು ಮಾತ್ರ ಹೊರಗೆ ಬಿಟ್ಟೆ. ನೀವು ಬೇಗ ಬಂದರೆ ಹದಿನಾರು ಕಾಣಬಾರದಲ್ಲ, ಅದಕ್ಕೆ ಬೆಳಿಗ್ಗೆ ಒಗೆದಿದ್ದ ಪಂಚೆಯನ್ನು ಒಣಹಾಕಿದ ನೆಪದಲ್ಲಿ ಡ್ರಮ್ಮು, ಡಬ್ಬಿ ಎರಡರ ಮೇಲೂ ಹೊದಿಸಿದೆ. ಪಕ್ಕದ ಕ್ಯಾರವಾನಿನ ಗುನ್‌ವೋರ್ ಅಜ್ಜಿ ಕೇಕಿಗೆ ಕೆನೆ ಹಚ್ಚುತ್ತಾ ನನ್ನ ಪಂಚೆ ನೋಡಿ ನಕ್ಕಳು. ನಾನೂ ನಕ್ಕು ಕೈ ಮುಗಿದೆ. ಆಮೇಲೆ ತೂಕಡಿಸಿದೆ.

ಸುತ್ತಿದ ತಂತಿಯಲ್ಲಿ ಕರೆಂಟು ಹೆಚ್ಚು ಹರಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಟ್ಟ ಮೋಟರು ಹೊತ್ತು ತಂದ ಒಬ್ಬೊಬ್ಬ ರೈತನಿಗೂ, "ಸುತ್ತಿನೊಳಗಿನ ಕಾವು ಹೊರಗೆ ಹೋಗೋಕೆ ದಾರಿ ಬೇಕಪ್ಪಾ, ಮೇಲೆ ಗೋಣಿಚೀಲ ಹಾಕಿ ಮುಚ್ಚಿದ್ರೆ ಸುಡದೆ ಇನ್ನೇನಾಗುತ್ತೆ?" ಎಂದು ಬೈದವನು ನಾನು. ರಜಕ್ಕೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದ ನಿನಗೂ ಆ ಪಾಠ ಬಾಯಿಗೆ ಬರುತ್ತಿತ್ತು. ಆ ಮಧ್ಯಾಹ್ನ ನಾನೇ ಸುತ್ತಿ, ನಾನೇ ಮುಚ್ಚಿದೆ.

ಸುಟ್ಟ ರಬ್ಬರಿನ ವಾಸನೆಗೆ ಎಚ್ಚರವಾದಾಗ ಪಂಚೆಯಿಂದ ಹೊಗೆ ಏಳುತ್ತಿತ್ತು. ಠಪ್ ಎಂದಿತು, ಕಂಬದ ಸಾಕೆಟ್ಟು ಕರಗಿ ಜೋತುಬಿತ್ತು, ನಮ್ಮ ಸಾಲಿನ ಕ್ಯಾರವಾನ್‌ಗಳ ಕರೆಂಟೆಲ್ಲ ಹೋಯಿತು. ಹಬ್ಬದ ದಿನ ರಿಪೇರಿಯವರು ಯಾರೂ ಬರುವುದಿಲ್ಲ. ಒಬ್ಬೊಬ್ಬರೇ ಬಾಗಿಲು ತೆರೆದು ಹೊರಗೆ ಬಂದರು. ಒಬ್ಬರೂ ಕೂಗಾಡಲಿಲ್ಲ. ನಮ್ಮೂರಾಗಿದ್ದರೆ ನಾಲ್ಕು ಬೈಗುಳ ತಿಂದು ಹಗುರಾಗುತ್ತಿದ್ದೆ. ಅಷ್ಟರಲ್ಲಿ ಓಡಿಬಂದ ಹಯವದನ ಪಂಚೆ ಎಳೆದು, ಪ್ಲಗ್ಗು ಕಿತ್ತು, ಡಬ್ಬಿ ಆರಿಹೋಗಿದ್ದರಿಂದ ಫೋನಿನಲ್ಲಿದ್ದ ಕಾರಿನ ಆ್ಯಪ್ ತೆರೆದು ನೋಡಿದ. ಕೊನೆಯ ಲೆಕ್ಕ ಹದಿನಾರು ಎಂದಿತ್ತು. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಸರೋವರದಲ್ಲಿದ್ದ ಒಂದು ಬಾತುಕೋಳಿಯನ್ನು ನೋಡಿದೆ. ಆಫೀಸಿನ ಹೆಂಗಸು ಯಾರು ಏರಿಸಿದ್ದು ಎಂದು ಮೆಲ್ಲಗೆ ಕೇಳಿದಳು. ಸ್ವೀಡಿಷ್ ನನಗೆ ಬಾರದು, ಆದರೆ ಅವಳ ಪ್ರಶ್ನೆಯೂ ಅವನು ತನ್ನ ಎದೆ ಮುಟ್ಟಿಕೊಂಡು ಕೊಟ್ಟ ಉತ್ತರವೂ ಅರ್ಥವಾದವು.

ಆ ಹೊತ್ತಿಗೆ ನೀನು ಬಂದು ಅವನ ಹಿಂದೆ ನಿಂತಿದ್ದೆ. ತಲೆಯ ಮೇಲೆ ಹಬ್ಬದ ಹೂವಿನ ಕಿರೀಟ ಹಾಗೇ ಇತ್ತು. "ಆರು ಅಂದೆಯಲ್ಲೋ. ನನ್ನ ಮುಖ ನೋಡ್ಕೊಂಡು ಆರು ಅಂದೆ. ಇಷ್ಟು ಸಣ್ಣದಕ್ಕೆ ಸುಳ್ಳು ಹೇಳೋನು, ಓರೆಬ್ರೂಗೆ ಬರ್ತೀನಿ ಅಂದಿದ್ದನ್ನ ನಾನು ಹೇಗಪ್ಪಾ ನಂಬ್ಲಿ?" ಎಂದೆ. ಅವನು ತಲೆ ತಗ್ಗಿಸಿದ. ಕೂಗಿ ಹೇಳಬೇಕಾಗಿದ್ದ ನಾನು ಸುಟ್ಟ ಪಂಚೆ ಮಡಿಸುತ್ತಿದ್ದೆ. ಕೆನೆ ಕರಗಿಹೋಗುತ್ತದೆಂದು ಗುನ್‌ವೋರ್ ಅಜ್ಜಿ ಮೊಮ್ಮಕ್ಕಳಿಗೆಂದು ಮಾಡಿದ ಸ್ಟ್ರಾಬೆರಿ ಕೇಕನ್ನು ಆಗಲೇ ಕತ್ತರಿಸಿ ಎಲ್ಲರಿಗೂ ಹಂಚಿದಳಲ್ಲ, ನಾನು ಎರಡು ತುಂಡು ತಿಂದೆ. ಮರುದಿನ ನಿನ್ನನ್ನು ಸ್ಟೇಷನ್ನಿಗೆ ಬಿಟ್ಟುಬಂದವನೂ ಅವಳ ಮಗನೇ.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಇಷ್ಟು ದಿನವೂ ಸಂಜೆ ನೀನು ಫೋನು ಮಾಡಿದಾಗ ದೊಡ್ಡ ಮನುಷ್ಯನ ಹಾಗೆ, "ತಪ್ಪು ಯಾರಿಂದ ಆಗಲ್ಲಮ್ಮಾ, ಹುಡುಗ, ಕ್ಷಮಿಸಿಬಿಡು" ಎಂದು ನಿನಗೆ ಬುದ್ಧಿ ಹೇಳಿದೆ. "ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ ಚಿಕ್ಕಪ್ಪಾ" ಎಂದು ನೀನು ಅತ್ತೆ. ಆ ಹೊಗಳಿಕೆಯನ್ನೂ ನಾನು ಇಟ್ಟುಕೊಂಡೆ.

ಮೊನ್ನೆ ಭಾನುವಾರ ತಡೆಯಲಾರದೆ ಅವನನ್ನೇ ಕೇಳಿದೆ, ಯಾಕಪ್ಪಾ ನೀನು ಹೊತ್ತುಕೊಂಡೆ ಅಂತ. ಅವನು ಪಾತ್ರೆ ತೊಳೆಯುತ್ತಿದ್ದ. "ಅಷ್ಟು ಜನರ ಮುಂದೆ ನಿಮ್ಮನ್ನ ಬೆರಳು ಮಾಡಿ ತೋರಿಸೋಕಾಗುತ್ತಾ ಮಾವ? ಅವಳಿಗೆ ನೀವೇ ಹೇಳ್ತೀರ ಅಂದ್ಕೊಂಡೆ. ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ." ತಿರುಗಿ ಕೂಡ ನೋಡಲಿಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆದ್ದರಿಂದ ಮಗಳೇ, ಈ ಕಾಗದ ಓದಿ ಮುಗಿಸಿದ ಕೂಡಲೇ ಅವನಿಗೆ ಫೋನು ಮಾಡು. ನನಗಲ್ಲ, ಅವನಿಗೆ. ಇಬ್ಬರಿಗೆಂದು ನೋಡಿದ್ದ ಮನೆಗೇ ಒಪ್ಪಿಗೆ ಹೇಳು. ಅವನು ಮಾತಿಗೆ ತಪ್ಪುವವನಲ್ಲ. ಸುಳ್ಳು ಹೇಳಿದ್ದು ಒಂದೇ ಸಲ, ಅದೂ ನನಗೋಸ್ಕರ. ನನ್ನ ಜೊತೆ ಎಷ್ಟು ದಿನ ಮಾತು ಬಿಡುತ್ತೀಯೋ ಬಿಡು, ಅದು ನ್ಯಾಯ. ಕ್ಯಾಂಪಿಂಗಿನವರ ದುಡ್ಡಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಒಂದು ಸಾಕೆಟ್ಟು, ಒಂದಿಷ್ಟು ವೈರು, ನಾಲ್ಕು ಕಾಸಿನ ಮಾತು, ನಾನು ಕೊಟ್ಟು ಮುಗಿಸಿದ್ದೇನೆ. ಬೆನ್ನಿಗೆ ಎಳ್ಳೆಣ್ಣೆ ಹಚ್ಚಿಕೋ. ದೇವರು ನಿಮ್ಮಿಬ್ಬರನ್ನೂ ಒಂದೇ ಸೂರಿನಡಿ ಇಟ್ಟಿರಲಿ.

ಮುಖ ತೋರಿಸಲಾರದ ನಿನ್ನ ಚಿಕ್ಕಪ್ಪ,
ರಾಮದಾಸ

ತಾ.ಕ.: ಅಂಚೆಪೆಟ್ಟಿಗೆಗೆ ಹಾಕಿ ಬರುತ್ತೇನೆಂದು ಹಯವದನ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಏನು ಬರೆದಿದೆಯೆಂದು ಕೇಳಲಿಲ್ಲ. ಕವರು ಅಂಟಿಸುವ ಮೊದಲು ಇನ್ನೊಂದು. ನಾಲ್ಕು ಕಾಸು ಎಂದು ಬರೆದದ್ದು ಸುಳ್ಳು. ಕಂಬವನ್ನೇ ಬದಲಾಯಿಸಿ ನೆಲದಡಿಯ ಕೇಬಲ್ಲನ್ನೂ ಹೊಸದು ಹಾಕಿದರು. ಬಿಲ್ಲು ಅವನ ಹೆಸರಿಗೆ ಬಂದಿತ್ತು. ಅವನು ಬೇಡವೆಂದರೂ ಬಲವಂತ ಮಾಡಿ, ಅಂಗಡಿ ಮುಚ್ಚಿದಾಗ ತಾಮ್ರ ಮಾರಿ ಬಂದ ದುಡ್ಡಿನಿಂದ ನಾನೇ ಕಟ್ಟಿದೆ. ಹನ್ನೊಂದು ಸಾವಿರದ ನಾನೂರು ಕ್ರೋನಾ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಎರಡು ಸಾವಿರದ ಆರುನೂರು ರೂಪಾಯಿ.