ಟಿ.ಸಿ. ತರುವುದಿಲ್ಲ

ಮುಂಡಾಜೆ
ಭಾನುವಾರ

ಸುರಕ್ಷಾಳ ಅಪ್ಪನಿಗೆ,

ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಮಸ್ಕತ್ತಿಗೆ ಬರೆದು ಕಳುಹಿಸುತ್ತಿದ್ದೇನೆ.

ಗಣಿತದಲ್ಲಿ ಫೇಲಾದಳೆಂದು ಮಗಳ ಟಿ.ಸಿ. ತರಲು ಹೇಳಿದ್ದಿರಿ. ಮೂಡುಬಿದಿರೆಗೆ ಹೋದೆ. ಹಾಸ್ಟೆಲಿನ ಜಗಲಿಯಲ್ಲಿ ಅವಳು ಅಳುತ್ತಾ, "ಸೈನ್ ಎಕ್ಸನ್ನು ಎಕ್ಸಿನಿಂದ ಭಾಗಿಸಬೇಕು. ಎಕ್ಸ್ ಇದ್ದಲ್ಲಿ ಸೊನ್ನೆ ಹಾಕಿದ್ರೆ ಸೊನ್ನೆ ಬೈ ಸೊನ್ನೆ ಬರ್ತದೆ. ಮುಂದೆ ಎಂತ ಮಾಡುವುದು ಅಮ್ಮ?" ಎಂದಳು. ನನಗೂ ಗೊತ್ತಿರಲಿಲ್ಲ. "ಇಬ್ಬರೂ ಕಲಿಯುವ" ಎಂದೆ. ಟಿ.ಸಿ. ಕೇಳದೆಯೇ ಬಸ್ಸು ಹತ್ತಿದೆ.

ಅಂದಿನಿಂದ ಒಂದೇ ಆನ್‌ಲೈನ್ ಪಾಠವನ್ನು ಅವಳು ಅಲ್ಲಿ, ನಾನು ಇಲ್ಲಿ ನೋಡಿ, ಸಂಜೆ ಫೋನಿನಲ್ಲಿ ಜಗಳವಾಡುತ್ತೇವೆ. ನಿಮ್ಮ ಅಮ್ಮ, "ಈ ಪ್ರಾಯದಲ್ಲಿ ಇವಳಿಗೆ ಎಂತ ಮರುಳು?" ಎನ್ನುತ್ತಾರೆ. ಎನ್ನಲಿ. ಆ ಎಕ್ಸ್ ಎಂದರೆ ಒಂದು ಕೋನ; ಅದು ಕಿರಿದಾಗುತ್ತಾ ಸೊನ್ನೆಯ ಹತ್ತಿರ ಹೋದಂತೆ ಉತ್ತರ ಒಂದರ ಹತ್ತಿರ ಬರುತ್ತದೆ. ವೃತ್ತ ಬರೆದು ಅದನ್ನು ಮೊದಲು ಹಿಡಿದವಳು ನಿಮ್ಮ ಮಗಳೇ.

ಮೊನ್ನೆಯ ಪರೀಕ್ಷೆಯಲ್ಲೂ ಅವಳು ಪಾಸಾಗಿಲ್ಲ. ಆದರೆ ಆ ಲೆಕ್ಕ ಸರಿ ಇತ್ತು. ನಾನು ಟಿ.ಸಿ. ತರುವುದಿಲ್ಲ.

ಅವಳಿಗೆ ಫೋನ್ ಮಾಡಿದಾಗ ಅಂಕ ಕೇಳಬೇಡಿ, ಆ ಲೆಕ್ಕ ಕೇಳಿ. ಅವಳು ಹೇಳಿದ್ದು ಅರ್ಥವಾಗದಿದ್ದರೆ ನನ್ನನ್ನು ಕೇಳಿ. ನಾನು ಹೇಳಿಕೊಡುತ್ತೇನೆ.

ಇತಿ,
ಪ್ರಫುಲ್ಲಾ