ತಾಮ್ರದ ಚೊಂಬಿನಲ್ಲಿ ಮೋರಿ ನೀರು

ಜಯನಗರ, ಬೆಂಗಳೂರು
೧೭ ಅಕ್ಟೋಬರ್ ೨೦೦೭

ಮುದ್ದಿನ ಮಗಳು ವಿಭಾಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ? ಜೋರ್ಡಾನಿನ ಧೂಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ನನ್ನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ. ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ, ಅವಳ ಸಿಟ್ಟೂ ಅಷ್ಟೇ ಗಟ್ಟಿ. ಯುದ್ಧದ ಗಾಯಾಳುಗಳ ಆಸ್ಪತ್ರೆಗೆ ಡಾಕ್ಟರಾಗಿ ಹೋಗಬೇಡ ಎಂದರೂ ಹೋದೆಯೆಂದು ಹನ್ನೊಂದು ತಿಂಗಳಿಂದ ನಿನ್ನ ಫೋನು ಮುಟ್ಟಿಲ್ಲ. ಡಿಸೆಂಬರಿಗೆ ಕರಾರು ಮುಗಿದ ಮರುದಿನವೇ ನೀನು ಮನೆಯಲ್ಲಿರಬೇಕಂತೆ.

ನಿನ್ನೆ ನಿನ್ನ ಇ-ಮೇಲ್ ಓದಿ ಸೈಬರ್ ಕೆಫೆಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಎಷ್ಟು ವಿಕೆಟ್ ಬಿತ್ತು ಎಂದು ಕೇಳಿದಳು. ಇರಾಕಿನ ಬಸ್ರಾದ ಟೀಚರಮ್ಮ ಜೈನಬಳ ಕಾಲು ಉಳಿಯಿತು ಎಂದೆ, ಅವಳಿಗೇನೂ ಅರ್ಥವಾಗಲಿಲ್ಲ. ಯಾವ ಔಷಧಕ್ಕೂ ಬಗ್ಗದ ಗಾಯ, ಕತ್ತರಿಸುವುದೊಂದೇ ದಾರಿ ಎಂದು ನಿಮ್ಮ ದೊಡ್ಡ ಡಾಕ್ಟರು ಹೇಳಿದ್ದರಲ್ಲ. ಸಿಡಿದ ಶೆಲ್ಲಿನ ಸೀಸ, ತಾಮ್ರಗಳ ನಡುವೆ ಬದುಕಲು ಕಲಿತ ಬ್ಯಾಕ್ಟೀರಿಯಾ ಔಷಧವನ್ನೂ ತಡೆದುಕೊಳ್ಳುತ್ತದೆ, ಮೊದಲು ಕಾಲಿನೊಳಗಿನ ಚೂರು ತೆಗೆಯಿರಿ ಎಂದು ನೀನೊಬ್ಬಳೇ ವಾದಿಸಿದೆ. ಅವರು ನಕ್ಕರು. ನೀನು ಪುರಾವೆ ಹುಡುಕಿಕೊಡಿ ಎಂದು ನನಗೆ ಬರೆದೆ. ನಾನು ಕಳಿಸಿದ ಪ್ರಯೋಗದ ಅಂಕಿಅಂಶ ನೋಡಿ ಅವರು ಒಪ್ಪಿದರು. ಆದರೆ ಮಗಳೇ, ಆ ಪ್ರಯೋಗ ನನ್ನದಲ್ಲ. ಇ-ಮೇಲಿನಲ್ಲಿ ಬರೆಯಲು ನಾಚಿಕೆಯಾಗಿತ್ತು.

ನಡೆದದ್ದು ಇಷ್ಟು. ಮನೆ ಹಿಂದಿನ ಮೋರಿಯಿಂದ ಎರಡು ಬಾಟಲಿ ನೀರು ತಂದಿಟ್ಟಿದ್ದೆ. ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ ಒಂದಕ್ಕೆ ಲೋಹ ಬೆರೆಸುವುದು, ಇನ್ನೊಂದನ್ನು ಹಾಗೇ ಬಿಡುವುದು ಎಂದು ಯೋಚನೆ. ಅಷ್ಟರಲ್ಲಿ ಉತ್ತರಹಳ್ಳಿಯ ಮಾಧವನ ಮನೆ ಮುಂಜಿಗೆಂದು ಹೋದವನು ನಾಲ್ಕು ದಿನ ಅಲ್ಲೇ ಉಳಿದೆ. ಅಡುಗೆಮನೆಯ ಪಕ್ಕ ಮೋರಿ ನೀರು ಕಂಡರೆ ನಿನ್ನ ಅಮ್ಮ ಸುಮ್ಮನಿರುತ್ತಾಳೆಯೇ? ಚೆಲ್ಲಿದರೆ ನಾನು ಕೂಗಾಡುತ್ತೇನೆ, ಇಟ್ಟರೆ ಮೈಲಿಗೆ. ತಾಮ್ರದಲ್ಲಿಟ್ಟ ನೀರು ಶುದ್ಧ ಎಂಬ ಅವಳ ಅಜ್ಜಿಯ ಮಾತು ನೆನಪಾಗಿ, ಒಂದು ಬಾಟಲಿಯನ್ನು ಹಳೇ ತಾಮ್ರದ ಚೊಂಬಿಗೆ ಸುರಿದು ಮುಚ್ಚಿಟ್ಟಿದ್ದಾಳೆ. ಚೊಂಬು ತುಂಬಿದ್ದರಿಂದ ಇನ್ನೊಂದು ಬಾಟಲಿ ಉಳಿಯಿತು. ನಾನು ಬಂದು ಹಾರಾಡಿದೆ. ಕೆಲಸ ಕೆಟ್ಟಿತೆಂದುಕೊಂಡೇ ಎರಡನ್ನೂ ಲ್ಯಾಬಿಗೆ ಹೊತ್ತುಕೊಂಡು ಹೋದೆ.

ಅಜ್ಜಿಯ ಮಾತು ಮುಕ್ಕಾಲು ನಿಜ. ಚೊಂಬಿನಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಸತ್ತಿದ್ದವು. ಬದುಕಿದ ಕೆಲವೇ ಕೆಲವು ಮಾತ್ರ ಒಂದಲ್ಲ, ಮೂರು ಆ್ಯಂಟಿಬಯೋಟಿಕ್ಕಿಗೂ ಜಗ್ಗಲಿಲ್ಲ. ತಾಮ್ರವನ್ನು ಮೈಯಿಂದ ಹೊರದಬ್ಬಬಲ್ಲಂಥವು ಔಷಧವನ್ನೂ ಹೊರದಬ್ಬುತ್ತಿದ್ದವು. ಬಾಟಲಿಯ ನೀರಿನಲ್ಲಿ ಅಂಥವು ಅಪರೂಪ. ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು, ಪ್ರಯೋಗ ಮಾಡಿ ಗೆದ್ದವಳು ಅವಳು. ಹೆಮ್ಮೆಯಿಂದ ಎದೆ ಉಬ್ಬಿಹೋಗಿದೆ, ನಿಮ್ಮಿಬ್ಬರ ಬಗ್ಗೆಯೂ.

ಚೂರು ತೆಗೆದು, ಪರೀಕ್ಷೆ ಮಾಡಿ, ಎಲ್ಲರೂ ಮರೆತ ಹಳೇ ಔಷಧ ಆರಿಸಿದವಳು ನೀನು. ನಿನ್ನ ಕೈಗುಣ ನೂರ್ಕಾಲ ಹೀಗೇ ಇರಲಿ. ಜೈನಬಳಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಪ್ಪ,
ಬದರಿನಾಥ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮೊದಲು ನಿನ್ನ ಅಮ್ಮ ಕಾಗದ ಕಿತ್ತುಕೊಂಡು ಓದಿದಳು. ಆ ಟೀಚರು ಕೋಲಿಲ್ಲದೆ ನಡೆಯಲು ಎಷ್ಟು ದಿನ ಬೇಕು ಎಂದು ಕೇಳಿದಳು. ಐದಾರು ತಿಂಗಳು ಎಂದೆ. ಕಾಗದವನ್ನು ನನ್ನ ಮುಂದಿಟ್ಟು ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಡಿಸೆಂಬರ್‌ಗೆ ಬರೋದು ಬೇಡ ಅಂತ ಬರೀರಿ. ಆಯಮ್ಮನ್ನ ನಡೆಸಿಬಿಟ್ಟೇ ಬರ್ಲಿ. ಭಾನುವಾರ ಫೋನ್ ಮಾಡಿದ್ರೆ ನಾನೇ ಎತ್ಕೋತೀನಿ."