ನೆಲ್ಲಿಪುಡಿಯ ಇಪ್ಪತ್ತು ಬೆಳಗು

ನರೋಣಾ, ತಾ. ಆಳಂದ
೧೨ ಫೆಬ್ರವರಿ ೨೦೨೫

ಪ್ರೀತಿಯ ಮದೀನಾಬಿ ಅಕ್ಕನವರಿಗೆ ಶರಣು.

ನಾನು ವಿದ್ಯಾವತಿ. ನಿಮ್ಮ ಆಸ್ಪತ್ರೆಗೆ ಎದೆಯ ಆಪರೇಷನ್ನಿಗೆ ಬಂದಿದ್ದ ನಾಲ್ಕು ವರ್ಷದ ಸುವರ್ಣಾಳ ತಾಯಿ. ರಕ್ತ ತೆಗೆಯಲು ಬಂದ ನಿಮಗೆ "ಮೊದಲ ನೀ ಚುಚ್ಚಿಕೋ ಬೇ" ಅಂದಿದ್ದಳಲ್ಲ, ಅವಳು. ನೀವು ನಕ್ಕು, "ಅಯ್ಯ ನಮ್ಮವ್ವ, ನನ್ನ ಮೈಯಾಗ ಬರೇ ಚಹಾ ಅದ, ರಕ್ತ ಎಲ್ಲಿಂದ ಬರಬೇಕು" ಅಂದಿರಿ. ಅಷ್ಟಕ್ಕೇ ಕೈ ಚಾಚಿದಳು.

ಅವಳು ಹೋಗಿ ಇವತ್ತಿಗೆ ಮೂರು ತಿಂಗಳು. ಆಪರೇಷನ್ ಆದ ಹದಿನೆಂಟನೇ ದಿನ ನಂಜು ಏರಿ ಹೋದಳು. ನಿಮ್ಮ ಮೇಲಾಗಲಿ, ಡಾಕ್ಟರ್ ಸಿದ್ದರಾಮೇಶ ಅವರ ಮೇಲಾಗಲಿ ನನಗೆ ಬೇಸರವಿಲ್ಲ. ಹುಟ್ಟಿದಾಗಿನಿಂದ ನೇರಳೆಹಣ್ಣು ತಿಂದಂತೆ ಕಾಣುತ್ತಿದ್ದ ಅವಳ ತುಟಿ ಆ ಕೆಲವು ದಿನ ಕೆಂಪಗಿತ್ತು. ಕನ್ನಡಿ ಕೇಳಿ ಕೇಳಿ ನೋಡಿಕೊಂಡಳು. ಅವಳು ಹೋದ ದಿನ ನೀವು ಡ್ಯೂಟಿ ಮುಗಿದರೂ ಮನೆಗೆ ಹೋಗದೆ ನನ್ನ ತಲೆ ಬಾಚಿ ಹೆರಳು ಹಾಕಿದಿರಿ. ಇವೆಲ್ಲ ಮರೆಯುವಂಥವಲ್ಲ.

ಆದರೆ ನಾನು ನಿಮಗೊಂದು ಸುಳ್ಳು ಹೇಳಿದ್ದೆ.

ಆಪರೇಷನ್ನಿಗೆ ಮೊದಲೊಮ್ಮೆ, ಆಮೇಲೊಮ್ಮೆ ಮಕ್ಕಳ ರಕ್ತ ತೆಗೆದು ನೀವು ಅಧ್ಯಯನ ಮಾಡುತ್ತಿದ್ದಿರಿ. ಕಡಿಮೆ ಆಕ್ಸಿಜನ್ನಿಗೆ ರೂಢಿಯಾದ ಮೈಗೆ ಅದು ಒಮ್ಮೆಲೇ ಹೆಚ್ಚು ಬಂದರೆ ಅದೂ ಒಂದು ಪೆಟ್ಟೇ, ಆ ಪೆಟ್ಟನ್ನು ಮಗು ಎಷ್ಟು ತಡೆಯುತ್ತದೆಂದು ಅಳೆಯುತ್ತೇವೆ ಎಂದು ತಿಳಿಸಿ ಹೇಳಿದಿರಿ. ಹಣ್ಣಿನ ಪುಡಿ, ಟಾನಿಕ್ ಕೊಟ್ಟಿದ್ದರೆ ಅಳತೆ ತಪ್ಪುತ್ತದೆ ಎಂದು ಮೂರು ಸಲ ಕೇಳಿದಿರಿ. "ಏನೂ ಕೊಟ್ಟಿಲ್ರಿ" ಅಂದೆ.

ಕೊಟ್ಟಿದ್ದೆವು. ಆಪರೇಷನ್ನಿಗೆ ಮೊದಲು ನಮ್ಮ ಅತ್ತೆ ಸುಭದ್ರಾಬಾಯಿ ದಿನಾ ಬೆಳಿಗ್ಗೆ ಮಗುವಿನ ಹಣೆಗೆ ವಿಭೂತಿ ಹಚ್ಚಿ, ನೆಲ್ಲಿಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದರು. ಇಪ್ಪತ್ತು ಬೆಳಗು, ನನ್ನ ದಿನಚರಿಯಲ್ಲಿ ತಾರೀಖು ಸಮೇತ ಇದೆ. ಹೇಳಿದರೆ, ಏಳು ತಿಂಗಳು ಕಾದು ಸಿಕ್ಕ ಆಪರೇಷನ್ ದಿನ ಮುಂದೆ ಹೋದೀತೆಂದು ಹೆದರಿದೆ.

ಕಳೆದ ತಿಂಗಳು ಪುಡಿಯ ಡಬ್ಬಿ ನನ್ನ ಗಂಡ ಅಮರನಾಥ ಅವರ ಕೈಗೆ ಸಿಕ್ಕಿತು. "ನಿನ್ನ ಪುಡೀನೇ ನನ್ನ ಮಗಳ್ನ ತಿಂತು" ಎಂದು ತಾಯಿಯ ಜೊತೆ ಮಾತು ಬಿಟ್ಟಿದ್ದಾರೆ. ಅತ್ತೆ, "ಹೌದಪ್ಪ, ನಂದೇ ತಪ್ಪು. ರೊಟ್ಟಿ ಆರತಾವ, ಉಣ್ಣು" ಅಂದರು.

ನಂಜಿಗೂ ಪುಡಿಗೂ ಸಂಬಂಧ ಉಂಟೋ ಇಲ್ಲವೋ, ಡಾಕ್ಟರಿಂದ ಎರಡು ಸಾಲು ಬರೆಸಿ ಕಳಿಸಿ. ಉಂಟೆಂದರೂ ಬರೆಸಿ. ನಿಮ್ಮ ಅಧ್ಯಯನದಲ್ಲಿ ಸುವರ್ಣಾಳ ಅಂಕಿ ತಿದ್ದಿ, ಇಲ್ಲವೇ ತೆಗೆದುಬಿಡಿ. ಮುಂದೆ ಬರುವ ಮಕ್ಕಳಿಗೆ ನನ್ನ ಸುಳ್ಳು ತಾಗುವುದು ಬೇಡ.

ನಿಮ್ಮ ಉಪಕಾರ ನೆನೆಯುವ,
ವಿದ್ಯಾವತಿ

ತಾ.ಕ.: ಬರೆದದ್ದನ್ನು ಹರಿಯಲು ಮನಸ್ಸಾಗಲಿಲ್ಲ, ಇಲ್ಲೇ ತಿದ್ದುತ್ತೇನೆ. ಪುಡಿ ತಂದದ್ದು, ನೆಕ್ಕಿಸಿದ್ದು ಅತ್ತೆಯಲ್ಲ, ನಾನು. ಯಾರು ಕೊಟ್ಟರೆಂದು ಅಮರನಾಥ ಕೂಗಿದಾಗ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ನಾನೇ" ಅಂದರು. ಆಮೇಲೆ ಒಳಗೆ ಬಂದು, "ನೀ ಸುಮ್ಮನಿರ ಬೇ. ನನ್ನ ಮಗ ನನ್ನ ಬಿಟ್ಟು ಎಲ್ಲಿ ಹೋಗ್ತಾನ? ನಿನ್ನ ಬಿಟ್ಟನಂದ್ರ ನೀ ಎಲ್ಲಿ ಹೋಗ್ತಿ?" ಅಂದರು. ಅವರ ಋಣ ಇನ್ನು ಹೊರಲಾರೆ. ಲಕೋಟೆಗೆ ಅಂಟು ಹಚ್ಚದೆ, ಅಂಚೆಗೆ ಹಾಕಲು ಈ ಪತ್ರವನ್ನು ಅಮರನಾಥ ಅವರ ಕೈಗೇ ಕೊಡುತ್ತಿದ್ದೇನೆ.